ಹವಳ ದಿಬ್ಬ ಹಸಿರಾಗುತ್ತಿದೆ: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವುದು ನನ್ನ ಕೆಲಸ. ಬ್ಲೋವರ್ ನಿಂತಿದೆ, ನೊರೆ ಉಕ್ಕಿದೆ, ಗಬ್ಬು ವಾಸನೆ ಅಂತ ಫೋನ್ ಬಂದರೆ ಹೋಗಿ ದೋಷ ಹುಡುಕುತ್ತೇನೆ. ಹವಳದ ಹುಚ್ಚು ಹತ್ತಿದ್ದು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಮೊದಲ ಸಲ ಸಿಲಿಂಡರ್ ಕಟ್ಟಿಕೊಂಡು ಮುಳುಗಿದಾಗ. ಆಮೇಲೆ ಹವಳದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದ ಹಾಗೆ ಒಂದು ಗೊತ್ತಾಯಿತು. ಹವಳ ಕೆಟ್ಟ ಎಷ್ಟೋ ಕೇಸುಗಳು ಕೊನೆಗೆ ಬಂದು ನಿಲ್ಲುವುದು ನಮ್ಮ ಲೈನಿನವರ ಪೈಪಿನ ಬುಡದಲ್ಲಿ.

ಹಾಗಾಗಿ ಎಸ್‌ಟಿಪಿ ಕೆಟ್ಟಾಗ ನಾವು ದೋಷ ಹುಡುಕುವ ರೀತಿಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಲಕ್ಷದ್ವೀಪ, ಅಂಡಮಾನ್, ಮಾಲ್ಡೀವ್ಸ್ ಕಡೆ ರೆಸಾರ್ಟ್ ಕೆಲಸದಲ್ಲಿರುವ ನಮ್ಮವರಿಗೆ, ಡೈವಿಂಗ್ ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ಉದಾಹರಣೆಗಳು ಜಾಸ್ತಿ ಹವಾಯಿಯವು. ಕೊಳಚೆ ಪೈಪು ಹವಳಕ್ಕೆ ಏನು ಮಾಡುತ್ತದೆ, ಪೈಪನ್ನು ಬೇರೆ ಕಡೆ ತಿರುಗಿಸಿದರೆ ಏನಾಗುತ್ತದೆ ಅನ್ನುವುದನ್ನು ಅಲ್ಲಿ ದಶಕಗಟ್ಟಲೆ ಕೂತು ನೋಡಿದ್ದಾರೆ.

ಮೊದಲು ದೂರು ಸರಿಯಾಗಿ ಬರೆದುಕೊಳ್ಳಿ

"ಹವಳ ಹಾಳಾಗಿದೆ" ಅನ್ನುವುದು ದೂರು ಅಲ್ಲ. "ಮೋಟರ್ ಓಡ್ತಿಲ್ಲ" ಅಂತ ಫೋನ್ ಮಾಡಿದ ಹಾಗೆ ಅದು. ಕರೆಂಟ್ ಇಲ್ವಾ, ಸ್ಟಾರ್ಟರ್ ಹೋಯ್ತಾ, ಕಾಯಿಲ್ ಸುಟ್ಟಿತಾ? ಹವಳದ ವಿಷಯದಲ್ಲೂ ಏನು ಕಾಣುತ್ತಿದೆ, ಎಲ್ಲಿಂದ ಶುರುವಾಯಿತು, ಎಷ್ಟು ದಿನದಿಂದ ಅನ್ನುವ ಮೂರು ಪ್ರಶ್ನೆಗೆ ಉತ್ತರ ಬೇಕು.

ದಿಬ್ಬಕ್ಕೆ ದಿಬ್ಬವೇ ಒಂದೆರಡು ವಾರದಲ್ಲಿ ಬೆಳ್ಳಗಾಯಿತಾ? ಹತ್ತಿರ ಹೋಗಿ ನೋಡಿದರೆ ಬಿಳಿ ಎಲುಬಿನ ಮೇಲೆ ಗಾಜಿನಂಥ ತೆಳು ಮಾಂಸ ಇನ್ನೂ ಇದೆಯಾ? ಹಾಗಿದ್ದರೆ ಮೊದಲ ಅನುಮಾನ ಬಿಸಿಯ ಮೇಲೆ. ಆ ಜಾಗದ ಅತಿ ಬಿಸಿ ತಿಂಗಳ ಸರಾಸರಿಗಿಂತ ನೀರು 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಅದಕ್ಕೆ ಚರಂಡಿಯನ್ನು ಒಂದೇ ಸಲಕ್ಕೆ ದೂರಬೇಡಿ. ಆದರೆ ಪೂರ್ತಿ ಬಿಟ್ಟೂ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಹವಳ ಬೋಳು ಬಿಳಿ, ಪಕ್ಕದ್ದು ಚೆನ್ನಾಗಿದೆ ಅಂದರೆ ಸುತ್ತ ಹುಡುಕಿ. ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು ಸಂದಿಯಲ್ಲಿ ಅಡಗಿರುತ್ತದೆ. ಬೂದು ಪುಡಿ ಕೂತಿದ್ದರೆ ಮುಟ್ಟಬೇಡಿ, ಕೈಯಿಂದ ಮೆಲ್ಲಗೆ ನೀರು ಬೀಸಿ. ಎದ್ದು ಹೊಗೆಯ ಹಾಗೆ ಹರಡಿದರೆ ಹೂಳು. ಹೊಳೆಯ ಬಾಯಿ, ಕಟ್ಟಡದ ಕೆಲಸ, ಡ್ರೆಜ್ಜಿಂಗ್ (ತಳದ ಹೂಳೆತ್ತುವ ಕೆಲಸ) ಕಡೆ ನೋಡಿ.

ಈ ಬರಹ ಇರುವುದು ನಾಲ್ಕನೆಯ ದೂರಿಗೆ. ದಿಬ್ಬ ನಿಧಾನಕ್ಕೆ, ವರ್ಷದಿಂದ ವರ್ಷಕ್ಕೆ ಹಸಿರಾಗುತ್ತಿದೆ. ದಡದ ಕಡೆ ಜಾಸ್ತಿ, ಹೊರಗಡೆ ಕಡಿಮೆ. ಸ್ಪಂಜು, ಕೊಳವೆ ಹುಳು, ಚಿಪ್ಪಿನಂಥ ನೀರು ಸೋಸಿ ತಿನ್ನುವ ಜೀವಿಗಳು ಏಕಾಏಕಿ ಹೆಚ್ಚಾಗಿವೆ. ಮುಂಚೆ ಕಾಣುತ್ತಿದ್ದ ತಳ ಈಗ ಮಸುಕು. ಈ ನಾಲ್ಕೂ ಒಟ್ಟಿಗೆ ಇದ್ದರೆ ಪೈಪು ಹುಡುಕಲು ಶುರು ಮಾಡಿ.

ಹಸಿರು ಗುಳ್ಳೆ: ಹತ್ತಿರದಿಂದ

ಹವಾಯಿಯ ಓಆಹು ದ್ವೀಪದ ಈಶಾನ್ಯಕ್ಕೆ ಕಾನೆಓಹೆ ಅಂತ ಒಂದು ಕೊಲ್ಲಿ ಇದೆ. ದಿಬ್ಬಗಳು ಅಡ್ಡ ಇರುವುದರಿಂದ ಅದರ ದಕ್ಷಿಣ ಭಾಗದಲ್ಲಿ ನೀರು ಬೇಗ ಬದಲಾಗುವುದಿಲ್ಲ. ಊರು ಬೆಳೆದ ಹಾಗೆ ಊರಿನ ಕೊಳಚೆ, ಪಕ್ಕದ ಸೇನಾ ನೆಲೆಯ ಕೊಳಚೆ ಎರಡೂ ಆ ಮೂಲೆಗೇ ಬಂತು. ತಮಾಷೆ ಅಂದರೆ ಅದೇ ಕೊಲ್ಲಿಯ ಪುಟ್ಟ ದ್ವೀಪದಲ್ಲಿ ವಿಶ್ವವಿದ್ಯಾಲಯದ ಸಮುದ್ರ ಜೀವಶಾಸ್ತ್ರ ಸಂಸ್ಥೆ ಇದೆ. ವಿಜ್ಞಾನಿಗಳ ಹಿತ್ತಿಲಲ್ಲೇ ಕೊಳಚೆ.

ಅಲ್ಲಿ ಮೆರೆದದ್ದು ಡಿಕ್ಟಿಯೋಸ್ಫೇರಿಯಾ ಕ್ಯಾವರ್ನೋಸಾ ಅನ್ನುವ ಪಾಚಿ. ನೋಡಲು ಹಸಿರು ಸಾಬೂನು ಗುಳ್ಳೆಗಳನ್ನು ಒತ್ತಿ ಒಂದಕ್ಕೊಂದು ಅಂಟಿಸಿದ ಹಾಗಿರುತ್ತದೆ. ಮೊದಲು ಹವಳದ ಕೊಂಬೆಗಳ ಬುಡದಲ್ಲಿ ಗೋಲಿಯಷ್ಟು. ಆಮೇಲೆ ಟೊಳ್ಳಾಗಿ, ಬಿರಿದು, ಹಾಳೆಯಾಗಿ ಕೊಂಬೆಗಳ ಮೇಲೆ ಹೊದ್ದುಕೊಳ್ಳುತ್ತದೆ. ಒಳಗಿನ ಹವಳಕ್ಕೆ ಬೆಳಕಿಲ್ಲ, ನೀರಿನ ಓಡಾಟ ಇಲ್ಲ. ಇದರ ಜಾಣತನ ಆ ಟೊಳ್ಳಿನಲ್ಲಿದೆ. ತಳದ ಕೆಸರಿನಿಂದ ಜಿನುಗುವ ಸಾರಜನಕವನ್ನು ಹಾಳೆಯ ಕೆಳಗೆ ಹಿಡಿದಿಟ್ಟುಕೊಂಡು ತಿನ್ನುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಪಾಚಿಗೆ ಗೊಬ್ಬರ ಸಿಕ್ಕಿತು, ಬೆಳೆಯಿತು, ಇದು ಎಲ್ಲರಿಗೂ ಅರ್ಥವಾಗುತ್ತದೆ. ಹವಳದ ಒಳಗೂ ಒಂದು ಗಲಾಟೆ ನಡೆಯುತ್ತದೆ. ಹವಳ ಬಡ ನೀರಿನ ಜೀವಿ. ಅದರ ಮೈಯೊಳಗೆ ಬಾಡಿಗೆಗಿರುವ ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ, ಬಾಡಿಗೆ ಲೆಕ್ಕದಲ್ಲಿ ಸಕ್ಕರೆ ಕೊಡುತ್ತದೆ. ಹೊರಗಿನಿಂದ ಸಾರಜನಕ ಧಾರಾಳವಾಗಿ ಬಂದರೆ ಬಾಡಿಗೆದಾರ ಸಂಸಾರ ಬೆಳೆಸಿಕೊಂಡು ಬಾಡಿಗೆ ಕೊಡುವುದನ್ನು ಕಡಿಮೆ ಮಾಡುತ್ತಾನೆ. ಸಾರಜನಕ ಜಾಸ್ತಿ, ರಂಜಕ ಕಡಿಮೆ ಆದರೆ ಇನ್ನೂ ಕಷ್ಟ. ರಂಜಕಕ್ಕೆ ಹಸಿದ ಪಾಚಿ ಸಣ್ಣ ಬಿಸಿಗೂ ಕೈಚೆಲ್ಲುತ್ತದೆ. ಫ್ಲೋರಿಡಾದ ಲೂ ಕೀ ದಿಬ್ಬದ 30 ವರ್ಷದ ಲೆಕ್ಕ ತೋರಿಸಿದ್ದು ಇದನ್ನೇ. ಅಲ್ಲಿ 1984ರಲ್ಲಿ ಸುಮಾರು 33% ಇದ್ದ ಹವಳದ ಹೊದಿಕೆ 2008ಕ್ಕೆ 6%ಗಿಂತ ಕೆಳಗೆ ಇಳಿಯಿತು. ಅದಕ್ಕೇ ಬೆಳ್ಳಗಾದ ಹವಳ ನೋಡಿ "ಇದು ಬಿಸಿ, ನಮ್ಮ ತಪ್ಪಲ್ಲ" ಅಂತ ಫೈಲು ಮುಚ್ಚಬೇಡಿ ಅಂದದ್ದು.

"ನಮ್ಮದು ಟ್ರೀಟ್ ಮಾಡಿದ ನೀರು ಸಾರ್"

ಈ ಮಾತು ಕೇಳಿಯೇ ಕೇಳುತ್ತೀರಿ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಬಾಟಲಿಯಲ್ಲಿ ಹಿಡಿದು ಬೆಳಕಿಗೆ ತೋರಿಸುತ್ತಾರೆ. ತಿಳಿಯಾಗಿರುತ್ತದೆ, ವಾಸನೆಯೂ ಇರುವುದಿಲ್ಲ. ಕಾನೆಓಹೆಗೆ ಬರುತ್ತಿದ್ದ ಊರಿನ ಕೊಳಚೆಯೂ ಸಂಸ್ಕರಿಸಿದ್ದೇ.

ಲೆಕ್ಕ ಹಾಕಿ ನೋಡೋಣ. ನಮ್ಮಲ್ಲಿ ಎಸ್‌ಟಿಪಿ ನೀರಿನ ಒಟ್ಟು ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಒಳಗಿದ್ದರೆ ಪಾಸು. ಅದನ್ನು ಮುಟ್ಟಿಸಲೇ ನಾವು ಒದ್ದಾಡುತ್ತೇವೆ. ಹವಳದ ದಿಬ್ಬದ ಮೇಲೆ, ಪಾಚಿ ಕೈಮೀರದ ಹಾಗಿರಲು, ಕರಗಿದ ಸಾರಜನಕ ಲೀಟರಿಗೆ ಸುಮಾರು 0.014 ಮಿಲಿಗ್ರಾಂ ದಾಟಬಾರದು ಅಂತ ಒಂದು ಅಂದಾಜು ಬಹಳ ಕಡೆ ಬಳಕೆಯಲ್ಲಿದೆ. 10ನ್ನು 0.014ರಿಂದ ಭಾಗಿಸಿ. 700 ಪಟ್ಟು! ಅಂದರೆ 10,000 ಲೀಟರಿನ ಒಂದು ಟ್ಯಾಂಕರ್ "ಪಾಸಾದ" ನೀರನ್ನು ಹವಳಕ್ಕೆ ತೊಂದರೆಯಾಗದ ಹಾಗೆ ತೆಳುವಾಗಿಸಲು ಸುಮಾರು 70 ಲಕ್ಷ ಲೀಟರ್ ಬೇಕು, ಅದೂ ಒಂದು ಚೂರೂ ಸಾರಜನಕ ಇಲ್ಲದ ಸಮುದ್ರದ ನೀರು. ಸುತ್ತಲೂ ದಿಬ್ಬ ಇರುವ ಕೊಲ್ಲಿಯಲ್ಲಿ ಅಷ್ಟು ಹೊಸ ನೀರು ಎಲ್ಲಿಂದ ಬರಬೇಕು?

ಬಿಒಡಿ (ನೀರಿನಲ್ಲಿ ಕೊಳೆಯುವ ಕಸ ಎಷ್ಟಿದೆ ಅನ್ನುವ ಅಳತೆ) ರಿಪೋರ್ಟು ತೋರಿಸಿದರೆ ತೆಗೆದುಕೊಳ್ಳಿ, ಥ್ಯಾಂಕ್ಸ್ ಹೇಳಿ. ಆಮೇಲೆ ಸಾರಜನಕ, ರಂಜಕ ಎಷ್ಟಿದೆ ಅಂತ ಹೇಳುವ ನೈಟ್ರೇಟ್, ಅಮೋನಿಯಾ, ಫಾಸ್ಫೇಟ್ ರಿಪೋರ್ಟು ಕೇಳಿ.

ಮೂಲ ಹುಡುಕುವುದು

ಪೈಪು ಕಣ್ಣಿಗೆ ಕಂಡರೆ ಅರ್ಧ ಕೆಲಸ ಮುಗಿಯಿತು. ಬಹಳ ಸಲ ಪೈಪೇ ಇರುವುದಿಲ್ಲ. ಇಂಗು ಗುಂಡಿ, ಸೆಪ್ಟಿಕ್ ಟ್ಯಾಂಕ್, ಇಲ್ಲವೇ ನೆಲದೊಳಗೆ ಬಿಡುವ ಬಾವಿ. ಹವಾಯಿಯಲ್ಲಿ ಸಾವಿರಾರು ಮನೆಗಳದ್ದು ಬರೀ ಗುಂಡಿ. ಅಂಥವು ರಾಜ್ಯದಲ್ಲಿ 80,000ಕ್ಕೂ ಜಾಸ್ತಿ ಇವೆ. 2050ರೊಳಗೆ ಎಲ್ಲವನ್ನೂ ಬದಲಿಸಬೇಕು ಅಂತ 2017ರಲ್ಲಿ ಕಾನೂನು ಮಾಡಿದರು. ಲಕ್ಷದ್ವೀಪದ ಕಥೆಯೂ ಹತ್ತಿರದ್ದೇ. ಒಟ್ಟು 32 ಚದರ ಕಿಲೋಮೀಟರ್ ನೆಲ, 2011ರ ಗಣತಿಯಲ್ಲಿ 64,473 ಜನ. ಕಾಲಡಿ ಇರುವುದು ಹವಳದ ಮರಳು. ಸುರಿದ ನೀರು ಜರಡಿಯಲ್ಲಿ ಇಳಿದ ಹಾಗೆ ಇಳಿಯುತ್ತದೆ. ಕುಡಿಯುವ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ಅದೇ ಮರಳಿನಲ್ಲಿದೆ. ಬಾವಿ ಮತ್ತು ಗುಂಡಿ ಪಕ್ಕಪಕ್ಕ ಇದ್ದರೆ ಹವಳಕ್ಕಿಂತ ಮೊದಲು ಮನೆಯವರಿಗೇ ಹೊಟ್ಟೆ ಕೆಡುತ್ತದೆ.

ಪರೀಕ್ಷೆಗಳನ್ನು ಅಗ್ಗದ್ದರಿಂದ ಶುರು ಮಾಡಿ. ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಸಿ, ಎಷ್ಟು ಮೀಟರಿಗೆ ಕಾಣದಾಗುತ್ತದೆ ಅಂತ ಬರೆಯಿರಿ. ಒಂದು ದಿನದ ಅಳತೆಯಿಂದ ಏನೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ, ಅದೇ ಜಾಗ, ಅದೇ ಹೊತ್ತು.

ಆಮೇಲೆ ಇಳಿತದ ಹೊತ್ತಲ್ಲಿ ದಡದ ಗುಂಟ ಈಜಿ. ನೆಲದಡಿಯ ನೀರು ಸಮುದ್ರಕ್ಕೆ ಜಿನುಗುವುದು ಆಗ ಜಾಸ್ತಿ. ಸಿಹಿನೀರು ಉಪ್ಪುನೀರಿಗೆ ಸೇರುವ ಕಡೆ ಬೇಸಿಗೆಯ ಟಾರು ರಸ್ತೆ ಮೇಲೆ ಗಾಳಿ ನಡುಗಿದ ಹಾಗೆ ನೀರು ನಡುಗುತ್ತದೆ. ಅಲ್ಲೇ ಸ್ಯಾಂಪಲ್ ತೆಗೆಯಿರಿ. ಕರಗಿದ ಲವಣ ಅಳೆಯುವ ನಮ್ಮ ಜೇಬಿನ ಟಿಡಿಎಸ್ ಮೀಟರ್ ಅದ್ದಬೇಡಿ. ಅದರ ಅಳತೆ 9,990ಕ್ಕೆ ಮುಗಿಯುತ್ತದೆ, ಸಮುದ್ರದ್ದು 35,000ದ ಆಸುಪಾಸು. ನಾನೂ ಅದ್ದಿ ನೋಡಿ ಪೆದ್ದನಾಗಿದ್ದೇನೆ. ಉಪ್ಪಿಗೆ ರಿಫ್ರಾಕ್ಟೋಮೀಟರ್ ಬೇಕು.

ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ಒಂದು ಗುಂಡಿ ಇದೆ, ನೋಡಿ ಕಾಲಿಡಿ. ಕಕ್ಕಸು ನೀರು ಸೇರಿದೆಯಾ ಅಂತ ನೋಡಲು ಎಣಿಸುವ ಕರುಳಿನ ಬ್ಯಾಕ್ಟೀರಿಯಾ ಇ-ಕೋಲಿ ಉಪ್ಪುನೀರಲ್ಲಿ ಬೇಗ ಸಾಯುತ್ತದೆ. ಹಾಗಾಗಿ ಕಡಲ ನೀರಿಗೆ ಎಂಟೆರೋಕಾಕಸ್ ಎಣಿಸುತ್ತಾರೆ. ಅಮೆರಿಕದಲ್ಲಿ 100 ಮಿಲಿಲೀಟರಿಗೆ ಸರಾಸರಿ 35 ದಾಟಿದರೆ ಈಜಲು ಯೋಗ್ಯ ಅಲ್ಲ ಅನ್ನುತ್ತಾರೆ. ಆದರೆ ಬಿಸಿ ದೇಶದ ಮಣ್ಣಿನಲ್ಲಿ ಇದೇ ಬ್ಯಾಕ್ಟೀರಿಯಾ ತನ್ನಷ್ಟಕ್ಕೆ ಬದುಕಿರುತ್ತದೆ. ಮಳೆ ಬಂದು ಮಣ್ಣು ಕೊಚ್ಚಿಬಂದರೂ ಎಣಿಕೆ ಏರುತ್ತದೆ. ಹವಾಯಿಯವರು ಇದನ್ನು ಕಂಡುಕೊಂಡು, ಜೊತೆಗೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಇನ್ನೊಂದನ್ನೂ ಎಣಿಸಲು ಶುರು ಮಾಡಿದರು. ಎರಡೂ ಏರಿದ್ದರೆ ಕೊಳಚೆಯ ಮೇಲಿನ ಅನುಮಾನ ಗಟ್ಟಿ. ಮೊದಲನೆಯದು ಮಾತ್ರ ಏರಿದ್ದರೆ ಮಳೆ ನಿಂತು ನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಿರಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಪಾಚಿಯನ್ನೇ ಸಾಕ್ಷಿ ಕೇಳುವುದು. ನೀರಿನ ಸ್ಯಾಂಪಲ್ ಆ ಕ್ಷಣದ ಕಥೆ ಮಾತ್ರ ಹೇಳುತ್ತದೆ. ರಾತ್ರಿ 2 ಗಂಟೆಗೆ ಯಾರೋ ವಾಲ್ವ್ ತೆರೆದರೆ ಬೆಳಿಗ್ಗೆ ನಿಮ್ಮ ಬಾಟಲಿಯಲ್ಲಿ ಏನೂ ಇರುವುದಿಲ್ಲ. ಪಾಚಿ ಹಾಗಲ್ಲ. ವಾರಗಟ್ಟಲೆ ತಿಂದದ್ದೆಲ್ಲ ಅದರ ಮೈಯಲ್ಲಿ ಇರುತ್ತದೆ. ಸಾರಜನಕದಲ್ಲಿ ಹಗುರದ್ದು 14, ಭಾರದ್ದು 15 ಅಂತ ಎರಡು ಬಗೆ. ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳು ಹಗುರದ್ದನ್ನು ಮೊದಲು ಗಾಳಿಗೆ ಬಿಡುತ್ತವೆ, ಭಾರದ್ದು ಉಳಿಯುತ್ತದೆ. ಕಾರ್ಖಾನೆಯ ಗೊಬ್ಬರದಲ್ಲಿ ಹೀಗಿಲ್ಲ, ಅದರ ಪ್ರಮಾಣ ಗಾಳಿಯಲ್ಲಿರುವಷ್ಟೇ. ದಡದುದ್ದಕ್ಕೂ ಪಾಚಿ ಕಿತ್ತು, ಒಣಗಿಸಿ, ಲ್ಯಾಬಿಗೆ ಕಳಿಸಿ, ಭಾರದ ಸಾರಜನಕ ಎಲ್ಲಿ ಜಾಸ್ತಿ ಅಂತ ನಕ್ಷೆಯ ಮೇಲೆ ಗುರುತು ಹಾಕಿದರೆ ಕೆಂಪು ಚುಕ್ಕೆಗಳು ಒಂದು ಕಡೆ ಗುಂಪಾಗುತ್ತವೆ. ಗಾಲ್ಫ್ ಮೈದಾನದ ಗೊಬ್ಬರವೋ, ಕಕ್ಕಸು ನೀರೋ ಅನ್ನುವ ಜಗಳ ಅಲ್ಲಿಗೆ ಬಹುಮಟ್ಟಿಗೆ ತೀರುತ್ತದೆ.

ಮಾವಿ ದ್ವೀಪದ ಲಹೈನಾದಲ್ಲಿ ಹೀಗೇ ಆಯಿತು. ಕಹೆಕಿಲಿ ಕಡಲತೀರದ ಪಾಚಿಯಲ್ಲಿ ಭಾರದ ಸಾರಜನಕ ವಿಪರೀತ ಇತ್ತು. ದಡದಿಂದ ಸುಮಾರು ಅರ್ಧ ಮೈಲಿ ಒಳಗೆ ಸಂಸ್ಕರಿಸಿದ ಕೊಳಚೆಯನ್ನು ಆಳದ ಬಾವಿಗಳಿಗೆ ಇಳಿಸುತ್ತಿದ್ದರು. ಸಮುದ್ರಕ್ಕೆ ಪೈಪೇ ಇಲ್ಲ, ಹಾಗಾಗಿ ನಮ್ಮದಲ್ಲ ಅನ್ನುವ ವಾದ.

ನಮ್ಮಲ್ಲಿ ಮೇಲಿನ ಮನೆಯ ಬಾತ್‌ರೂಮ್ ಕೆಳಗಿನ ಮನೆಗೆ ಸೋರುತ್ತಿದ್ದರೆ ಪ್ಲಂಬರ್ ಏನು ಮಾಡುತ್ತಾನೆ? ಬಟ್ಟೆಗೆ ಹಾಕುವ ನೀಲಿಯನ್ನು ಮೇಲೆ ಸುರಿದು ಕೆಳಗೆ ಕಾಯುತ್ತಾನೆ. ಅವರೂ ಅದನ್ನೇ ಮಾಡಿದರು. 2011ರ ಜುಲೈನಲ್ಲಿ ಎರಡು ಬಾವಿಗಳಿಗೆ ಫ್ಲೋರೆಸೀನ್ ಅನ್ನುವ ಹಸಿರು ಬಣ್ಣ ಹಾಕಿದರು. ಕಡಲ ತಳದ ಊಟೆಗಳ ಹತ್ತಿರ ದಿನಾ ನೀರು ತೆಗೆದು ನೋಡಿದರು. ಒಂದು ವಾರ, ಒಂದು ತಿಂಗಳು, ಎರಡು ತಿಂಗಳು, ಏನೂ ಇಲ್ಲ. 84ನೇ ದಿನ ಬಣ್ಣ ಸಿಕ್ಕಿತು. ಆ ಎರಡು ಬಾವಿಗೆ ಇಳಿಸಿದ ನೀರಿನಲ್ಲಿ 64% ಅಲ್ಲೇ ಹೊರಬರುತ್ತಿದೆ ಅಂತ ಲೆಕ್ಕ ಬಂತು. ಇನ್ನೊಂದು ಬಾವಿಗೆ ಹಾಕಿದ್ದ ಬೇರೆ ಬಣ್ಣ ಮಾತ್ರ ಸರಿಯಾಗಿ ಸಿಗಲೇ ಇಲ್ಲ. ಹಾಗಾಗಿ ಬಣ್ಣ ಕಂಡರೆ ಸಾಕ್ಷಿ. ಕಾಣದಿದ್ದರೆ ಸೋರಿಕೆ ಇಲ್ಲ ಅಂತ ಬರೆದುಕೊಡಬೇಡಿ. ಈ ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. ನೆಲದಡಿಯಿಂದ ಹೋದರೂ ನೇರವಾಗಿ ಸಮುದ್ರಕ್ಕೆ ಬಿಟ್ಟದ್ದಕ್ಕೆ ಸಮವಾದರೆ ಪರವಾನಗಿ ಬೇಕೇ ಬೇಕು ಅಂತ 2020ರಲ್ಲಿ ತೀರ್ಪು ಬಂತು.

84 ದಿನ ಕೇಳಿ ಎಲ್ಲ ಕಡೆ ಅಷ್ಟೇ ನಿಧಾನ ಅಂದುಕೊಳ್ಳಬೇಡಿ. ಫ್ಲೋರಿಡಾದ ಕೀ ಲಾರ್ಗೋದಲ್ಲಿ ನೆಲ ಪೂರ್ತಿ ತೂತು ಬಿದ್ದ ಸುಣ್ಣಕಲ್ಲು. ಅಲ್ಲಿ ಮನುಷ್ಯರಿಗೆ ತೊಂದರೆ ಕೊಡದ ಒಂದು ವೈರಸ್ಸನ್ನು ಗುರುತಿಗಾಗಿ ಸೆಪ್ಟಿಕ್ ಟ್ಯಾಂಕಿಗೆ ಬಿಟ್ಟರು. 11 ಗಂಟೆಯಲ್ಲಿ ಪಕ್ಕದ ಕಾಲುವೆಯಲ್ಲಿ ಸಿಕ್ಕಿತು. 23 ಗಂಟೆಯಲ್ಲಿ ಸಮುದ್ರದಲ್ಲಿ. ರಾತ್ರಿ ಫ್ಲಶ್ ಮಾಡಿದ್ದು ಮಾರನೇ ದಿನ ಕಡಲಲ್ಲಿ!

ಬಿಳಿ ಸಿಡುಬು ಕಂಡರೆ

ಇದೇ ಫ್ಲೋರಿಡಾ ಕೀಸ್‌ನಲ್ಲಿ 1996ರಲ್ಲಿ ಕಡವೆ ಕೊಂಬಿನಂಥ ಹವಳದ ಮೇಲೆ ಬಿಳಿ ಮಚ್ಚೆಗಳು ಕಂಡವು. ಅಂಚು ಸುತ್ತುಬಳಸು, ಒಳಗೆ ಬೋಳು ಎಲುಬು. ಕಾರಣ ಸೆರಾಷಿಯಾ ಮಾರ್ಸೆಸೆನ್ಸ್ ಅನ್ನುವ ಬ್ಯಾಕ್ಟೀರಿಯಾ ಅಂತ 2002ರಲ್ಲಿ ಗೊತ್ತಾಯಿತು. ಮನುಷ್ಯರ ಕರುಳಲ್ಲಿ, ಆಸ್ಪತ್ರೆಗಳಲ್ಲಿ ಕಾಣುವ ಜಾತಿ ಇದು. ಮನುಷ್ಯರ ಕೊಳಚೆಯಿಂದ ತೆಗೆದ ತಳಿಯನ್ನೇ ಲ್ಯಾಬಿನಲ್ಲಿ ಹವಳಕ್ಕೆ ಹಚ್ಚಿ ರೋಗ ಬರುತ್ತದೆ ಅಂತ 2011ರಲ್ಲಿ ತೋರಿಸಿದರು. ಸಾಮಾನ್ಯವಾಗಿ ಪ್ರಾಣಿಗಳ ರೋಗ ನಮಗೆ ಬರುತ್ತದೆ ಅಂತ ಹೆದರುತ್ತೇವೆ ಅಲ್ವಾ? ಇಲ್ಲಿ ನಮ್ಮದು ಅವಕ್ಕೆ ಅಂಟಿತು.

ಬಿಳಿ ಮಚ್ಚೆ ಕಂಡಲ್ಲೆಲ್ಲ ಇದೇ ರೋಗ ಅಂತ ಹೇಳಲಾಗದು. ಬರಿಗಣ್ಣಿಗೆ ಹವಳದ ಹಲವು ರೋಗ ಒಂದೇ ಥರ ಕಾಣುತ್ತವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ವಾರ ಬಿಟ್ಟು ಮತ್ತೆ ತೆಗೆಯಿರಿ, ತಿಳಿದವರಿಗೆ ಕಳಿಸಿ.

ನಡುವೆ ಒಂದು ಮಾತು. ಹವಳದ ಸುದ್ದಿ ಬಂದ ಕೂಡಲೇ ಎಲ್ಲರೂ ಸನ್‌ಸ್ಕ್ರೀನ್ ಬಗ್ಗೆ ಮಾತಾಡುತ್ತಾರೆ. ಹವಾಯಿ 2021ರಿಂದ ಕೆಲವು ಬಗೆಯವನ್ನು ಮಾರದಂತೆ ನಿಲ್ಲಿಸಿದೆ, ಸರಿ. ಆದರೆ ಟ್ಯೂಬಿನ ಲೇಬಲ್ ಓದುವ ಅತಿಥಿಗೆ ತನ್ನ ರೂಮಿನ ಫ್ಲಶ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕು ಅನ್ನಿಸುವುದಿಲ್ಲ. ಕೇಳಿ. ಮ್ಯಾನೇಜರ್ ತಡಬಡಾಯಿಸಿದರೆ ನಿಮಗೆ ಅರ್ಧ ಉತ್ತರ ಸಿಕ್ಕ ಹಾಗೆ.

ರಿಪೇರಿ

ಪಾಚಿ ಕೀಳುವುದು ರಿಪೇರಿ ಅಲ್ಲ. ನೊರೆಗೆ ನೀರು ಚಿಮುಕಿಸಿದ ಹಾಗೆ, ಆ ಹೊತ್ತಿಗೆ ಇಳಿಯುತ್ತದೆ, ಅಷ್ಟೇ. ಮೊದಲು ಮೂಲ ನಿಲ್ಲಿಸಿ. ನಿಲ್ಲಿಸಿದರೆ ಫಲ ಸಿಗುತ್ತದಾ ಅನ್ನುವವರಿಗೆ ಫ್ಲೋರಿಡಾದ ಒಂದು ಪ್ರಯೋಗ ಹೇಳುತ್ತೇನೆ. 2009ರಿಂದ 2012ರವರೆಗೆ, 3 ವರ್ಷ, ದಿಬ್ಬದ ಕೆಲವು ತುಂಡುಗಳಿಗೆ ನಿಧಾನಕ್ಕೆ ಕರಗುವ ತೋಟದ ಗೊಬ್ಬರವನ್ನು ಪಿವಿಸಿ ಪೈಪಿನಲ್ಲಿಟ್ಟು ಉಣಿಸಿದರು. ರೋಗ ಎರಡು ಪಟ್ಟಾಯಿತು, ಒಂದು ಜಾತಿಯ ಹವಳ ಬೆಳ್ಳಗಾಗುವುದು ಮೂರೂವರೆ ಪಟ್ಟಾಯಿತು. ಗೊಬ್ಬರ ನಿಲ್ಲಿಸಿ 10 ತಿಂಗಳಿಗೆ ನೋಡಿದರೆ, ಗೊಬ್ಬರ ಹಾಕದ ತುಂಡುಗಳಿಗೂ ಇವಕ್ಕೂ ವ್ಯತ್ಯಾಸವೇ ಇರಲಿಲ್ಲ.

ಮೂಲ ನಿಲ್ಲಿಸುವುದು ಅಂದರೆ ರೆಸಾರ್ಟಿನ ಮಟ್ಟದಲ್ಲಿ ಹೀಗೆ. ಗಾಳಿ ಹಾಕುವ ಟ್ಯಾಂಕಿನ ಜೊತೆ ಗಾಳಿ ಇಲ್ಲದ ಟ್ಯಾಂಕೂ ಇರಲಿ. ನೈಟ್ರೇಟಿನ ಸಾರಜನಕ ಗಾಳಿಗೆ ಹೋಗುವುದು ಅಲ್ಲೇ. ಉಳಿದ ನೀರು ಗಿಡಕ್ಕೆ, ಫ್ಲಶ್ಶಿಗೆ. ಗಿಡಕ್ಕೆ ಈ ನೀರು ಬಿಟ್ಟ ಮೇಲೆ ಯೂರಿಯಾ ಹಾಕುವುದನ್ನು ಕಡಿಮೆ ಮಾಡಿ. ಎಷ್ಟೋ ಕಡೆ ತೋಟದವರಿಗೆ ಇದನ್ನು ಯಾರೂ ಹೇಳಿರುವುದೇ ಇಲ್ಲ. ಗುಂಡಿಯ ಕೆಸರು ತುಂಬಿದ ಲಾರಿ ಎಲ್ಲಿ ಖಾಲಿಯಾಗುತ್ತದೆ ಅಂತ ಒಂದು ಸಲ ಹಿಂದೆಯೇ ಹೋಗಿ ನೋಡಿ.

ಜೊತೆಗೆ ಪಾಚಿ ತಿನ್ನುವವರನ್ನು ಉಳಿಸಿ. ಕಹೆಕಿಲಿಯಲ್ಲಿ 2009ರಿಂದ ಪಾಚಿ ತಿನ್ನುವ ಮೀನು ಮತ್ತು ಸೀ ಅರ್ಚಿನ್ ಹಿಡಿಯುವಂತಿಲ್ಲ. ಸೀ ಅರ್ಚಿನ್ ಅಂದರೆ ಕದಂಬದ ಹೂವಿಗೆ ಮುಳ್ಳು ಬಂದ ಹಾಗಿರುವ ಪ್ರಾಣಿ. ಕಾನೆಓಹೆಯಲ್ಲಿ ದೋಣಿ ಮೇಲೆ ದೊಡ್ಡ ಹೀರುವ ಪಂಪು ಇಟ್ಟು, ಹೊರಗಿನಿಂದ ಬಂದ ಬೇರೆ ಜಾತಿಯ ಪಾಚಿಯನ್ನು ಎಳೆದು ತೆಗೆದು, ಆಮೇಲೆ ಸಾಕಿದ ಸೀ ಅರ್ಚಿನ್ ಮರಿಗಳನ್ನು ಬಿಟ್ಟರು. ನಮ್ಮ ಸಕ್ಕಿಂಗ್ ಲಾರಿಯ ಕಡಲ ಆವೃತ್ತಿ.

ಪೈಪು ಮುಚ್ಚಿದೆ, ಹಸಿರು ಹೋಗಿಲ್ಲ

ಇದು ಬಂದೇ ಬರುವ ದೂರು. ಮತ್ತೆ ಕಾನೆಓಹೆಗೆ ಹೋಗೋಣ. 1977 ಮತ್ತು 1978ರಲ್ಲಿ ಎರಡೂ ಕೊಳಚೆಯನ್ನು ಕೊಲ್ಲಿಯ ಹೊರಗೆ, ತೆರೆದ ಸಮುದ್ರದ ಆಳಕ್ಕೆ ತಿರುಗಿಸಿದರು. ನೀರು ಬೇಗ ತಿಳಿಯಾಯಿತು. ಸೋಸಿ ತಿನ್ನುತ್ತಿದ್ದ ಜೀವಿಗಳು ಊಟವಿಲ್ಲದೆ ಸತ್ತವು. 1983ರ ಹೊತ್ತಿಗೆ ಹಸಿರು ಗುಳ್ಳೆ 1970ರಲ್ಲಿ ಇದ್ದುದರ ಕಾಲು ಭಾಗಕ್ಕೆ ಇಳಿದಿತ್ತು. ಹವಳ ಮತ್ತೆ ಬೆಳೆಯುತ್ತಿತ್ತು. ಎಲ್ಲರಿಗೂ ಖುಷಿ.

1990ರಲ್ಲಿ ಮತ್ತೆ ಅಳೆದರು. ಚೇತರಿಕೆ ನಿಧಾನವಾಗಿತ್ತು, ಕೆಲವು ಕಡೆ ನಿಂತೇ ಹೋಗಿತ್ತು. ವರ್ಷಗಟ್ಟಲೆ ಬಿದ್ದ ಕೊಳಚೆ ತಳದ ಕೆಸರಿನಲ್ಲಿತ್ತು, ಅಲ್ಲಿಂದ ಸಾರಜನಕ ಜಿನುಗುತ್ತಲೇ ಇತ್ತು. ಟೊಳ್ಳು ಪಾಚಿಗೆ ಅದು ಸಾಕು.

ಹಾಗಾಗಿ ಪೈಪು ಮುಚ್ಚಿದ ತಿಂಗಳು ಪಾಚಿ ಎಣಿಸಿ ಬೇಜಾರಾಗಬೇಡಿ. ಮೊದಲು ಬಿಳಿ ತಟ್ಟೆಯ ಅಳತೆ ಸುಧಾರಿಸುತ್ತದೆ, ಆಮೇಲೆ ಸ್ಪಂಜುಗಳು ಕಡಿಮೆಯಾಗುತ್ತವೆ, ಪಾಚಿಯದು ಕೊನೆಯ ಸರದಿ. ಆ ಕ್ರಮದಲ್ಲಿ ಬರೆದುಕೊಳ್ಳಿ. ತಟ್ಟೆಯೇ ಸುಧಾರಿಸದಿದ್ದರೆ ಇನ್ನೊಂದು ಪೈಪು ಇದೆ, ಮೂಲ ಹುಡುಕುವ ಕೆಲಸಕ್ಕೆ ವಾಪಸ್ ಹೋಗಿ.

ಕಾನೆಓಹೆಯ ಹಸಿರು ಗುಳ್ಳೆ ಹೋದದ್ದು 2006ರಲ್ಲಿ. ಆ ಮಾರ್ಚ್‌ನಲ್ಲಿ ವಾರಗಟ್ಟಲೆ ಮೋಡ, ಮಳೆ, ಬಿಸಿಲೇ ಇಲ್ಲ. ಬೆಳಕಿಲ್ಲದೆ ಗುಳ್ಳೆಗಳು ಸೊರಗಿ ಕಿತ್ತುಹೋದವು, ಮತ್ತೆ ಹಬ್ಬಲಿಲ್ಲ. ಅಷ್ಟೊತ್ತಿಗೆ ಪೈಪು ತಿರುಗಿಸಿ 28 ವರ್ಷ ಆಗಿತ್ತು.